ಬಾಚಣಿಗೆ ಹಿಡಿದ ಧನಿಗಳು

ಬೆಳ್ತಂಗಡಿ ತಾಲೂಕಿನ ಗುರುವಾಯನಕೆರೆಯಂಥ ಅಡಕೆ ಸೀಮೆಯಲ್ಲಿ ಈಚೆಗೆ ಕಾಣಸಿಗುವ ಗೃಹಸ್ಥವರ್ಗವೊಂದಕ್ಕೆ ಸಮಾಜಶಾಸ್ತ್ರವು ಇನ್ನೂ ಹೆಸರಿಟ್ಟಿಲ್ಲವಾದ್ದರಿಂದ, ಸದ್ಯಕ್ಕೆ ಅದನ್ನು ‘ಬಾಚಣಿಗೆ ಧನಿಗಳು’ ಎಂದು ಕರೆಯಬಹುದು. ಧನಿ ಎಂದರೆ ತುಳುನಾಡಿನಲ್ಲಿ ಭೂಮಿಯ ಒಡೆಯ. ಅರುವತ್ತು ದಾಟಿದ, ತೋಟವುಳ್ಳ, ಮಕ್ಕಳು ಬೆಂಗಳೂರಿನಲ್ಲೋ ದುಬೈಯಲ್ಲೋ ಇರುವ ಈ ಮಹನೀಯರು, ನಾಯಿಯ ಸ್ಥಾನ ಅಂಗಳದಲ್ಲಿ ಎಂಬ ಸಿದ್ಧಾಂತವನ್ನು ನಲವತ್ತು ವರ್ಷ ಪಾಲಿಸಿಕೊಂಡು ಬಂದವರು. ಫ್ಲ್ಯಾಟಿನಲ್ಲಿ ಸಾಕಲಾರದೆ ಮಗಳು ತಂದುಬಿಟ್ಟ ಶಿಟ್ಸು ತಳಿಯ ಹೆಣ್ಣುನಾಯಿ ಚಾವಡಿಗೆ ಕಾಲಿಟ್ಟಂದಿನಿಂದ ಅದೇ ಸಿದ್ಧಾಂತಕ್ಕೆ ವಾರಕ್ಕೊಂದು ತಿದ್ದುಪಡಿ ಮಾಡುತ್ತಿರುವವರು. ಶಿಟ್ಸು ಎಂಬುದಕ್ಕೆ ಚೀನೀ ಭಾಷೆಯಲ್ಲಿ ಸಿಂಹ ಎಂದರ್ಥ. ಐದಾರು ಕಿಲೋ ತೂಗುವ ಈ ಸಿಂಹವು ಗುಡುಗು ಕೇಳಿದೊಡನೆ ಮಂಚದಡಿ ಸೇರುತ್ತದೆ.

ಧನಿಗಳ ನಿಜವಾದ ಪರಿವರ್ತನೆಗೆ ಕಾರಣವಾಗುವುದು ಸಂತಾನಹರಣ ಶಸ್ತ್ರಚಿಕಿತ್ಸೆ, ಅಂದರೆ ಹೆಣ್ಣುನಾಯಿಯ ಅಂಡಾಶಯಗಳನ್ನೂ ಸಾಮಾನ್ಯವಾಗಿ ಅವುಗಳೊಂದಿಗೆ ಗರ್ಭಕೋಶವನ್ನೂ ತೆಗೆಯುವ ಕ್ರಮ. ಊರಿನ ಮಾತಿನಲ್ಲಿ ಬರೀ ‘ಆಪರೇಶನ್’. “ಎಂತ ಮಾರಾಯ್ರೆ, ನಾಯಿಗೂ ಆಪರೇಶನಾ?” ಎಂದು ನೆರೆಯವರು ಕೇಳಿದರೆ, ಗರ್ಭಕೋಶದಲ್ಲಿ ಕೀವು ತುಂಬುವ ಪ್ರಾಣಾಂತಿಕ ರೋಗವನ್ನು ಇದು ಹೇಗೆ ತಡೆಯುತ್ತದೆಂದು ಧನಿಗಳು ಕಾಲು ಗಂಟೆ ವಿವರಿಸುತ್ತಾರೆ, ಮನೆಯಾಕೆಯ ಹೆರಿಗೆಗಳ ಸಮಯದಲ್ಲಿ ಅವರು ಇಷ್ಟು ಮಾತಾಡಿದ್ದಕ್ಕೆ ಸಾಕ್ಷಿಯಿಲ್ಲ. ಕೊಳೆರೋಗ ತಡೆಯಲು ತೋಟಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವ ಕೆಲಸವನ್ನು, ಅಂದರೆ ‘ಮದ್ದು ಬಿಡುವುದನ್ನು’, ಇವತ್ತಲ್ಲ ನಾಳೆ ಎಂದು ಮುಂದೂಡುವ ಅದೇ ಮನುಷ್ಯರು, ನಾಯಿಯ ಮಾತ್ರೆಗೆ ಮೊಬೈಲಿನಲ್ಲಿ ಅಲಾರಾಂ ಇಡುತ್ತಾರೆ. ಹೊಲಿಗೆ ಬಿಚ್ಚುವವರೆಗಿನ ಹತ್ತರಿಂದ ಹದಿನಾಲ್ಕು ದಿನ ಸ್ನಾನವಿಲ್ಲ, ಸೋಫಾದ ಮೇಲೆ ಹಾರುವಂತಿಲ್ಲ, ಗಾಯವನ್ನು ದಿನಕ್ಕೆರಡು ಸಲ ನೋಡಬೇಕು. ಅರಿಸಿನ ಬೆರೆಸಿದ ತೆಂಗಿನೆಣ್ಣೆ ಹಚ್ಚಿದರೆ ಒಂದೇ ದಿನದಲ್ಲಿ ಮಾಯುತ್ತದೆಂದು ಅತ್ತಿಗೆಯವರು ಹೇಳುತ್ತಾರಾದರೂ, ಎಣ್ಣೆ ಹಚ್ಚಿದರೆ ನಾಯಿ ಅದನ್ನೇ ನೆಕ್ಕಿ ಹೊಲಿಗೆ ಬಿಡಿಸುವುದರಿಂದ ಈ ಸಲಹೆ ತಿರಸ್ಕಾರಕ್ಕೆ ಯೋಗ್ಯ.

ನೆಕ್ಕದಂತೆ ಕೊರಳಿಗೆ ತೊಡಿಸುವ ಶಂಕುವಿನಾಕಾರದ ಪಟ್ಟಿಗೆ, ಇಂಗ್ಲೆಂಡಿನ ಮೊದಲನೆಯ ಎಲಿಜಬೆತ್ ರಾಣಿಯ ಕಾಲದ ನೆರಿಗೆಯ ಕೊರಳಪಟ್ಟಿಯನ್ನು ನೆನೆದು ಎಲಿಜಬೆತನ್ ಕಾಲರ್ ಎಂಬ ಹೆಸರು ಬಂದಿದೆ. ಗುರುವಾಯನಕೆರೆಯ ಕಣ್ಣಿಗೆ ಮಾತ್ರ ಅದು ಅಡಕೆ ಹಾಳೆಯ ಟೊಪ್ಪಿಯಾದ ಮುಟ್ಟಾಳೆಯನ್ನು ಮಗುಚಿ ಕೊರಳಿಗೆ ಸಿಕ್ಕಿಸಿದಂತೆ ಕಾಣುವುದರಿಂದ, ತೋಟದಾಳುಗಳಿಗೆ ನಗು ತಡೆಯುವುದು ಕಷ್ಟವಾಗುತ್ತದೆ. ಭಾಷೆಯ ವಿಷಯದಲ್ಲೂ ಈ ಅವಧಿ ಗಮನಾರ್ಹವಾದುದು: ಅಂಗಳದ ನಾಯಿಗೆ ತುಳು, ಒಳಗಿನದಕ್ಕೆ ‘ಕಮ್’, ‘ಸಿಟ್’ ಎಂಬ ಇಂಗ್ಲಿಷು ಎಂಬ ವಿಭಜನೆಯು, ಮುಟ್ಟಾಳೆ ಹೊತ್ತ ಸಿಂಹವು ಬಾಗಿಲಿಗೆ ಢಿಕ್ಕಿ ಹೊಡೆದು ಕುಂಯ್ಗುಟ್ಟಿದ ಕ್ಷಣವೇ ಕುಸಿದು, ‘ಇಡೆ ಬಲ ಮಗಾ’, ಅಂದರೆ ‘ಇಲ್ಲಿ ಬಾ ಮಗಾ’, ಎಂಬಲ್ಲಿಗೆ ಬಂದು ನಿಲ್ಲುತ್ತದೆ.

ಕೇಶಶಾಸ್ತ್ರವೇ ಧನಿಗಳ ಪರಮ ವಿದ್ಯೆ. ಪಟ್ಟಿಯ ಅಂಚು ಉಜ್ಜಿ ಕಿವಿಯ ಹಿಂದೆಯೂ, ಮಲಗಿಯೇ ಇರುವುದರಿಂದ ಕಂಕುಳಲ್ಲೂ ತೊಡೆಯ ಸಂದಿಯಲ್ಲೂ ಕೂದಲು ಸಿಕ್ಕುಗಟ್ಟುತ್ತದೆ. ಅದನ್ನು ಬುಡದಲ್ಲಿ ಬೆರಳಿನಿಂದ ಹಿಡಿದುಕೊಂಡು ತುದಿಯಿಂದ ಸ್ವಲ್ಪಸ್ವಲ್ಪವೇ ಬಿಡಿಸುತ್ತ ಒಳಗೆ ಹೋಗಬೇಕು. ಹೊಲಿಗೆ ಬಿಚ್ಚಿದ ಖುಷಿಯಲ್ಲಿ ಮೊದಲು ಮೀಯಿಸಿ ಆಮೇಲೆ ಬಾಚಿದರೆ, ನೀರು ಕುಡಿದ ಸಿಕ್ಕು ತೆಂಗಿನ ನಾರಿನ ಹಗ್ಗದಂತೆ ಬಿಗಿದು ಕತ್ತರಿಯೇ ಗತಿಯಾಗುತ್ತದೆ. ಆಟಿ ತಿಂಗಳ ಜಡಿಮಳೆಯಲ್ಲಂತೂ ಬುಡದ ತೇವ ಆರದೆ ಚರ್ಮ ಕೆಂಪೇರುವುದರಿಂದ, ಮಗಳು ಮರೆತುಹೋದ ಹೇರ್‌ಡ್ರೈಯರು ಧನಿಗಳ ಕೈಗೆ ಬಂದಿದೆ. ಶಸ್ತ್ರಚಿಕಿತ್ಸೆಯ ಕೆಲವು ತಿಂಗಳ ಬಳಿಕ, ಅಂಡಾಶಯದ ಹಾರ್ಮೋನು ನಿಂತ ಕಾರಣ, ಕೆಲವು ಉದ್ದ ಕೂದಲಿನ ನಾಯಿಗಳ ಮೈಗೂದಲು ಉಣ್ಣೆಯಂತೆ ಮೆತ್ತಗಾಗಿ ಹೆಚ್ಚು ಸಿಕ್ಕುಗಟ್ಟುವುದುಂಟು. ಧನಿಗಳು ಈ ಬದಲಾವಣೆಯನ್ನು ತಮ್ಮ ಬಾಚಣಿಗೆಯ ಮಹಿಮೆಯೆಂದೇ ನಂಬುತ್ತಾರೆ. ಹಾರ್ಮೋನು ನಿಂತ ಕಾರಣಕ್ಕೇ ದೇಹಕ್ಕೆ ಬೇಕಾದ ಆಹಾರ ಕಡಿಮೆಯಾಗುತ್ತದೆಂದು ವೈದ್ಯರು ಹೇಳಿದ್ದು ಮಾತ್ರ ನೀರುದೋಸೆಯ ಹೊತ್ತಿಗೆ ಅವರಿಗೆ ನೆನಪಾಗುವುದಿಲ್ಲ.

ಸಾಕುನಾಯಿಯ ಸಂತಾನಹರಣದ ಹೊಣೆ ಸಾಕಿದವರದೇ ಎಂದು 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳು ಹೇಳುತ್ತವೆ. ಅಲ್ಲಿ ಚಾವಡಿಗೊಂದು, ಅಂಗಳಕ್ಕೊಂದು ಎಂಬ ಭೇದವಿಲ್ಲ. ಆದರೆ ಅಡಕೆ ಸಿಪ್ಪೆಯ ರಾಶಿಯ ಮೇಲೆ ಮಲಗಿ ಹತ್ತು ವರ್ಷದಿಂದ ತೋಟ ಕಾಯುತ್ತಿರುವ ಗಿಡ್ಡ ಕೂದಲಿನ ಹೆಣ್ಣುನಾಯಿಗೆ ಆಪರೇಶನ್ ಇನ್ನೂ ಆಗಿಲ್ಲ. ಅದು ಈ ವರ್ಷವೂ ಐದು ಮರಿ ಹಾಕಿದೆ. ಕಣ್ಣು ಬಿಟ್ಟ ಮೇಲೆ ಅವನ್ನು ಗೋಣಿಯಲ್ಲಿ ಹಾಕಿ ಪೇಟೆಯ ಕಡೆ ಬಿಟ್ಟುಬರಲು ಆಳಿಗೆ ಹೇಳಿದವರು ಧನಿಗಳೇ.