ಯಾನೂ ಮಾಡಲ್ರಿ, ಬರ್ರಿ!

ಕನ್ನಡದಲ್ಲಿ ಎಲ್ಲಕ್ಕಿಂತ ಅಪಾಯದ ಮಾತು ಯಾವುದು ಎಂದು ಯಾರಾದರೂ ಕೇಳಿದರೆ ನಾನು ಬಾಯಿ ಬಿಡುವುದಿಲ್ಲ, ಎಡಗಾಲಿನ ಪ್ಯಾಂಟು ಮೇಲೆತ್ತಿ ತೋರಿಸುತ್ತೇನೆ. ಮೀನಖಂಡದ ಮೇಲೆ ನಾಲ್ಕು ಚುಕ್ಕೆಗಳಿವೆ. ಅವನ್ನು ಇಟ್ಟದ್ದು ಒಂದು ನಾಯಿ. ಇಡಿಸಿದ್ದು "ಯಾನೂ ಮಾಡಲ್ರಿ, ಬರ್ರಿ" ಎಂಬ ಮಾತು.

ಈ ಮಾತಾಡುವವರು ಇಲ್ಲದ ಊರಿಲ್ಲ. ಬೆಂಗಳೂರಲ್ಲಿ "ಏನೂ ಮಾಡಲ್ಲ, ಬನ್ನಿ ಸಾರ್" ಅನ್ನುತ್ತಾರೆ. ಧಾರವಾಡದಲ್ಲಿ "ಏನೂ ಮಾಡಂಗಿಲ್ಲ, ಬರ್ರಿ". ನಮ್ಮ ಔರಾದ ದಾಟಿ ಗಡಿಯಾಚೆ ಹೋದರೆ ಅದೇ ಅಭಯ ಮರಾಠಿಯಲ್ಲಿ ಸಿಗುತ್ತದೆ. ಭಾಷೆ ಬೇರೆ, ಹಲ್ಲು ಒಂದೇ.

ನಮ್ಮೂರು ಜನವಾಡದಲ್ಲಿ ಈ ಪಂಥದ ಹಿರಿಯರು ನಮ್ಮ ಓಣಿಯ ಕಾಕಾ. ಹೆಸರು ಬೇಡ. ಹೆಸರು ಬರೆದರೆ ನಾಳೆ ಚಹಾಕ್ಕೆ ಕರೆಯುವುದಿಲ್ಲ, ಕರೆದರೆ ತಮ್ಮ ನಾಯಿ ಪಿಂಕಿಯನ್ನು ಕಟ್ಟಿರುವುದಿಲ್ಲ.

ಕಾಕಾ ನಾಯಿಗಳ ಜಾತಿಶಾಸ್ತ್ರದಲ್ಲಿ ಪಂಡಿತರು. ಕಿರಾಣಿ ಅಂಗಡಿಯ ಗಲ್ಲಾದ ಮೇಲೆ ಕೂತು, ಬೀದರದಿಂದ ಔರಾದಿಗೆ ಹೋಗುವ ಯಾವುದೇ ಕಾರಿನ ಕಿಟಕಿಯಲ್ಲಿ ಒಂದು ಮೂತಿ ಕಂಡರೂ ಸಾಕು, ಅದರ ಕುಲ ಗೋತ್ರ ಹೇಳಿ ಭವಿಷ್ಯವನ್ನೂ ನುಡಿಯುತ್ತಾರೆ. ಡಾಬರ್‌ಮನ್‌ಗೆ ಐದು ವರ್ಷವಾದರೆ ಮಿದುಳು ಬೆಳೆದು ಬುರುಡೆಯಲ್ಲಿ ಹಿಡಿಸುವುದಿಲ್ಲವಂತೆ. ಆಗ ಅದು ತಲೆಕೆಟ್ಟು ಮಾಲೀಕನನ್ನೇ ಹಿಡಿಯುತ್ತದಂತೆ. ಪಿಟ್‌ಬುಲ್ಲಿನ ದವಡೆಗೆ ಒಳಗಿನಿಂದ ಕೀಲಿ ಬೀಳುತ್ತದಂತೆ. ಎರಡೂ ಸುಳ್ಳು. ಡಾಬರ್‌ಮನ್ನಿನ ಮಿದುಳು ಬುರುಡೆ ಮೀರಿ ಬೆಳೆಯುವುದಿಲ್ಲ, ಯಾವ ನಾಯಿಯ ದವಡೆಯಲ್ಲೂ ಕೀಲಿಯಿಲ್ಲ. ಇದನ್ನು ಹೇಳಿದಾಗ ಕಾಕಾ, "ಮಾಸ್ತರ್, ನೀವು ಕನ್ನಡ ಕಲಸ್ರಿ ಸಾಕು" ಅಂದರು.

ಡಾಬರ್‌ಮನ್ ತಳಿಯನ್ನು ಬೆಳೆಸಿದ ಕಾರ್ಲ್ ಡಾಬರ್‌ಮನ್ ಎಂಬಾತ ಜರ್ಮನಿಯ ಅಪೋಲ್ಡಾ ಊರಿನಲ್ಲಿ ಕರ ವಸೂಲಿ ಮಾಡುತ್ತಿದ್ದವನು ಎಂದು ನಾನು ಬಾಯಿ ಜಾರಿ ಹೇಳಿಬಿಟ್ಟಿದ್ದೆ. ಜಿಎಸ್‌ಟಿ ಬಂದಾಗಿನಿಂದ ಕಾಕಾ ಆ ತಳಿಯನ್ನು ಇನ್ನಷ್ಟು ದ್ವೇಷಿಸುತ್ತಾರೆ.

ದೇಶಿ ನಾಯಿಯ ವಿಷಯಕ್ಕೆ ಬಂದರೆ ಕಾಕಾ ನಾಡಾಭಿಮಾನಿ. ಮುಧೋಳ ನಾಯಿ ಅಂದರೆ ಕೈ ಮುಗಿಯುತ್ತಾರೆ. 2005ರಲ್ಲಿ ಅದರ ಚಿತ್ರವಿರುವ ಐದು ರೂಪಾಯಿಯ ಅಂಚೆಚೀಟಿ ಬಂದದ್ದು, ಸೈನ್ಯ ಅದನ್ನು ಮೀರತ್ತಿಗೆ ತರಬೇತಿಗೆ ಒಯ್ದದ್ದು, ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಅದಕ್ಕೊಂದು ಸಂಶೋಧನಾ ಕೇಂದ್ರ ಇರುವುದು, ಆ ಕೇಂದ್ರ ನಮ್ಮ ಬೀದರದ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಕೈಕೆಳಗೆ ಇರುವುದು, ಎಲ್ಲವೂ ಅವರಿಗೆ ಬಾಯಿಪಾಠ. ಲಾತೂರ ಕಡೆಯ ಕಾರವಾನ್ ನಾಯಿ ಅಂದರೆ ಮಾತ್ರ ಉರಿದು ಬೀಳುತ್ತಾರೆ. "ಅದು ಕಡೀತದ್ರಿ. ಅದರ ರಕ್ತದಾಗೇ ಅದ." ಆ ನಾಯಿಗೆ ಒಂದು ಕೆನೆಲ್ ಸಂಸ್ಥೆ ಕಾರವಾನ್ ಎನ್ನುತ್ತದೆ, ಇನ್ನೊಂದು ಮುಧೋಳ ಎನ್ನುತ್ತದೆ, ಓಡುವ ಕಾಲು ಅವೇ ನಾಲ್ಕು ಎಂದು ನಾನು ಇನ್ನೂ ಹೇಳಿಲ್ಲ. ಗಡಿ ವಿವಾದಕ್ಕೆ ಕೈ ಹಾಕುವ ಧೈರ್ಯ ನನಗಿಲ್ಲ.

2024ರ ಮಾರ್ಚ್ 12 ಕಾಕಾರ ಜೀವನದ ದೊಡ್ಡ ದಿನ. ಪಿಟ್‌ಬುಲ್, ರಾಟ್‌ವೀಲರ್, ಕಾಂಗಲ್, ಕೇನ್ ಕೋರ್ಸೊ ಎಂದು 23 ತಳಿಗಳ ಆಮದು, ಸಾಕಣೆ, ಮಾರಾಟ ನಿಲ್ಲಿಸಿ ಎಂದು ಕೇಂದ್ರದ ಪಶುಸಂಗೋಪನಾ ಇಲಾಖೆ ರಾಜ್ಯಗಳಿಗೆ ಸುತ್ತೋಲೆ ಕಳಿಸಿತು. ಮನೆಯಲ್ಲಿ ಈಗಾಗಲೇ ಇರುವವಕ್ಕೆ ಸಂತಾನಹರಣ ಮಾಡಿಸಿ ಎಂದಿತು. ಕಾಕಾ ಪೇಪರಿನ ತುಂಡನ್ನು ಕತ್ತರಿಸಿ ಅಂಗಿಯ ಜೇಬಲ್ಲಿ ಇಟ್ಟುಕೊಂಡರು. ಅದರಲ್ಲಿದ್ದ ಬಹಳಷ್ಟು ನಾಯಿಗಳನ್ನು ಬೀದರ ಜಿಲ್ಲೆ ಕನಸಲ್ಲೂ ಕಂಡಿರಲಿಕ್ಕಿಲ್ಲ. ಆದರೂ ಮಾಸ್ಕೋ ಗಾರ್ಡ್ ಡಾಗ್ ಜನವಾಡಕ್ಕೆ ಬರದಂತೆ ತಡೆದ ಸಮಾಧಾನ ಅವರ ಮುಖದಲ್ಲಿತ್ತು. ಡಾಬರ್‌ಮನ್ ಪಟ್ಟಿಯಲ್ಲಿಲ್ಲ ಎಂಬ ಕೊರಗು ಒಂದು ಕಡೆ; ಪಿಂಕಿಯ ಜಾತಿಯೂ ಇಲ್ಲ ಎಂಬ ಗೆಲುವು ಇನ್ನೊಂದು ಕಡೆ. "ನೋಡ್ರಿ, ಸರ್ಕಾರನೇ ಸರ್ಟಿಫಿಕೇಟ್ ಕೊಟ್ಟದ!"

ಏಪ್ರಿಲ್ 10ಕ್ಕೆ ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು, ಸಂಬಂಧಪಟ್ಟವರ ಮಾತನ್ನೇ ಕೇಳದೆ ಹೊರಡಿಸಿದ ಸುತ್ತೋಲೆ ಇದು ಎಂದು ಅದನ್ನು ರದ್ದು ಮಾಡಿದರು. ಆ ವಾರ ಅಂಗಡಿಯಲ್ಲಿ ಉದ್ರಿ ಸಿಗಲಿಲ್ಲ.

ಇಂಥ ಕಾಕಾರ ಪಿಂಕಿಯನ್ನು ಈಗ ನೋಡಬೇಕು. ಬಿಳಿ ಕೂದಲು, ಗುಂಡು ಕಣ್ಣು, ಏಳು ಕೆಜಿ ತೂಕ. ಊರೆಲ್ಲ ಪಾಮೇರಿಯನ್ ಎನ್ನುವ, ನಿಜದಲ್ಲಿ ಇಂಡಿಯನ್ ಸ್ಪಿಟ್ಜ್ ಆದ ನಾಯಿ. 1994ರಲ್ಲಿ ಸಲ್ಮಾನ್ ಖಾನನ 'ಹಮ್ ಆಪ್ಕೆ ಹೈ ಕೌನ್' ಸಿನಿಮಾದಲ್ಲಿ ಚೀಟಿ ಕಚ್ಚಿಕೊಂಡು ಓಡಿದ ಟಫಿ ಇದೇ ಜಾತಿಯದು. ಪಿಂಕಿ ಅದರ ಮರಿಮೊಮ್ಮಗಳು ಎಂದೇ ಕಾಕಾ ನಂಬಿದ್ದಾರೆ. ಅದಕ್ಕೆ ಸರಪಳಿಯಿಲ್ಲ, ಗೇಟಿಗೆ ಚಿಲಕವಿಲ್ಲ. ಹಾಲಿನವನು, ಪೇಪರಿನವನು, ಮೀಟರ್ ಓದುವವನು, ಎಲ್ಲರ ಪಾದದ ಅಳತೆ ಅದರ ಬಾಯಿಗೆ ಗೊತ್ತು. ಯಾರಿಗೆ ಕಡಿದರೂ ತಪ್ಪು ಕಡಿಸಿಕೊಂಡವರದು. ಒಬ್ಬ ಓಡಿದ, ಅದಕ್ಕೆ ಕಡಿಯಿತು. ಇನ್ನೊಬ್ಬ ಓಡದೆ ನಿಂತ, ಅದಕ್ಕೆ ಕಡಿಯಿತು. ಮತ್ತೊಬ್ಬ ಛತ್ರಿ ತಂದಿದ್ದ. ಪಾಪ, ಪಿಂಕಿ ಏನು ಮಾಡೀತು?

ನನ್ನ ಸರದಿ ಬಂದದ್ದು 2025ರ ಸೆಪ್ಟೆಂಬರ್ 26ಕ್ಕೆ. ಆ ತಿಂಗಳ 22ರಿಂದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಶುರುವಾಗಿತ್ತು. ಮಾಸ್ತರರಾದ ನಾವು ಅರವತ್ತು ಪ್ರಶ್ನೆ ಹೊತ್ತು ಮನೆಮನೆ ತಿರುಗುತ್ತಿದ್ದೆವು. ಮಳೆ ಬಿಟ್ಟಿರಲಿಲ್ಲ, ಮಾಂಜ್ರಾ ತುಂಬಿ ಹರಿಯುತ್ತಿತ್ತು, ಸೋಯಾ ಹೊಲದಲ್ಲೇ ಕೊಳೆಯುತ್ತಿತ್ತು. ಬಾಗಿಲ ಸ್ಟಿಕರ್ ನೋಡಿಕೊಂಡು ಕಾಕಾರ ಗೇಟಿನ ಮುಂದೆ ನಿಂತೆ. ಒಳಗಿನಿಂದ ಅಭಯ ಬಂತು: "ಯಾನೂ ಮಾಡಲ್ರಿ ಮಾಸ್ತರ್, ಬರ್ರಿ."

ಹೋದೆ. ಕುರ್ಚಿ ಹಾಕಿದರು. ಹೆಸರಾಯಿತು, ವಯಸ್ಸಾಯಿತು, ಜಾತಿ ಕೇಳಿದೆ. ಕಾಕಾ ತಮ್ಮದನ್ನು ಅರೆಗಳಿಗೆಯಲ್ಲಿ ಮುಗಿಸಿ, ಬೀದರದಲ್ಲಿರುವ ನನ್ನ ಸೋದರಳಿಯನ ರಾಟ್‌ವೀಲರಿನ ಜಾತಿಗೆ ಇಳಿದರು. "ಕಟುಕರ ನಾಯ್ರಿ ಅದು, ಇವತ್ತಿಲ್ಲ ನಾಳಿ ಬುದ್ಧಿ ತೋರಸ್ತದ." ಜರ್ಮನಿಯ ರಾಟ್‌ವೈಲ್ ಊರಿನಲ್ಲಿ ಕಟುಕರ ದನ ಹೊಡೆದು, ಗಾಡಿ ಎಳೆದು ಬದುಕಿದ ನಾಯಿ ಹೌದು. ನಮ್ಮ ದೇವಣಿ ಎತ್ತು ಮಾಡುವ ಕೆಲಸವನ್ನೇ ಅದೂ ಮಾಡಿತು ಎಂದು ವಾದ ಹೂಡಬೇಕು ಅಂದುಕೊಂಡೆ. ಅಷ್ಟರಲ್ಲಿ ಕುರ್ಚಿಯ ಕೆಳಗಿನಿಂದ ಪಿಂಕಿ ತನ್ನ ಬುದ್ಧಿ ತೋರಿಸಿತು.

ನಾನು ವೀರನಂತೆ ನಡೆದುಕೊಂಡೆ ಎಂದು ಬರೆಯುವ ಆಸೆಯಿದೆ. ನಿಜ ಹೇಳಬೇಕೆಂದರೆ ಕುರ್ಚಿಯ ಮೇಲೆ ಹತ್ತಿ ನಿಂತು, ಸರ್ಕಾರದ ಕೆಲಸದ ಮೊಬೈಲನ್ನು ನಾಯಿಯತ್ತ ಬೀಸಿದೆ. "ಮೊಬೈಲ್ ನೋಡಿ ಅಂಜ್ತು ನೋಡ್ರಿ" ಎಂದು ಕಾಕಾ ಆಗಲೇ ತೀರ್ಪು ಕೊಟ್ಟಾಗಿತ್ತು. ಖಾರಪುಡಿ ತರಲು ಒಳಗೆ ಹೋದರು, ಗಾಯಕ್ಕೆ ಮೆತ್ತಲು! ಅವರ ಹೆಂಡತಿ ಕಾಕು ಅದನ್ನು ಕಸಿದು ಬದಿಗಿಟ್ಟು, ನನ್ನನ್ನು ನಳದ ಕೆಳಗೆ ಕೂರಿಸಿ, ಬಟ್ಟೆ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆದರು. ಇಡೀ ಓಣಿಯಲ್ಲಿ ರೇಬೀಸ್ ತಿಳಿದವರು ಅವರೊಬ್ಬರೇ. ಪಿಂಕಿಗೆ ಇಂಜೆಕ್ಷನ್ ಆಗಿದೆಯೇ ಎಂದು ಕೇಳಿದೆ. ಕಾಕಾಗೆ ಬೇಸರವಾಯಿತು. "ಮನಿ ಬಿಟ್ಟು ಹೊರಗ ಹೋಗಲ್ರಿ ಅದು. ಅದಕ್ಕ್ಯಾಕ ಇಂಜೆಕ್ಷನ್?"

ನಾನು ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮು ಹೇಳಿದೆ. ಸಾಕಿದ ಪ್ರಾಣಿಯ ಬಗ್ಗೆ ಅಸಡ್ಡೆ ತೋರಿ ಮಂದಿಗೆ ಅಪಾಯ ತಂದರೆ ಆರು ತಿಂಗಳವರೆಗೆ ಸೆರೆ, ಐದು ಸಾವಿರದವರೆಗೆ ದಂಡ, ಇಲ್ಲವೇ ಎರಡೂ. ಕಾಕಾ ನಕ್ಕರು. "ಅದು ಹುಲಿ ಸಾಕಿದವ್ರಿಗ್ರಿ, ಮಾಸ್ತರ್."

ಆಸ್ಪತ್ರೆಯಲ್ಲಿ ಗಾಯದ ಸುತ್ತ ಸೀರಮ್ ಕೊಟ್ಟರು. ಎರಡೂ ರಟ್ಟೆಗೆ ಲಸಿಕೆ ಚುಚ್ಚಿ, ಮೂರನೇ, ಏಳನೇ, ಇಪ್ಪತ್ತೆಂಟನೇ ದಿನಕ್ಕೆ ಮತ್ತೆ ಬರಲು ಚೀಟಿ ಬರೆದರು. ಹತ್ತು ದಿನ ನಾಯಿಯ ಮೇಲೆ ಕಣ್ಣಿಡಿ, ಅದು ಬದುಕಿದ್ದರೆ ನಿಮಗೂ ಚಿಂತೆಯಿಲ್ಲ ಎಂದರು. ಅಲ್ಲಿಂದ ನನ್ನ ನಿಜವಾದ ಅವಮಾನ ಶುರುವಾಯಿತು. ದಿನಾ ಬೆಳಿಗ್ಗೆ ಎದ್ದು, ಕಡಿದ ನಾಯಿಯ ಕ್ಷೇಮಸಮಾಚಾರ ಕೇಳಲು ಅದೇ ಗೇಟಿಗೆ ಹೋಗಬೇಕು. ತಿಂದಿತೇ? ನೀರು ಕುಡಿಯಿತೇ? ನಾಲ್ಕನೇ ದಿನ ಅದು ರೊಟ್ಟಿ ಬಿಟ್ಟಾಗ ನನ್ನ ಎದೆ ಹಾರಿತು. ಭಾಲ್ಕಿ ತಾಲೂಕಿನ ಖಾನಾಪುರದ ಮೈಲಾರ ಮಲ್ಲಣ್ಣ ನಾಯಿಗಳ ದೇವರು. ಪಿಂಕಿಗೆ ಆಯುರಾರೋಗ್ಯ ಕೊಡು, ಭಂಡಾರ ಹಾರಿಸುತ್ತೇನೆ ಎಂದು ಹರಕೆ ಹೊತ್ತೆ. ಹಿಂದಿನ ದಿನ ಕಾಕಾ ತುಪ್ಪದ ಹೋಳಿಗೆ ತಿನ್ನಿಸಿದ್ದರು, ಅಷ್ಟೇ.

ಪ್ರತಿ ಡೋಸಿಗೂ ಕಾಕಾ ತಾವೇ ಗಾಡಿ ತೆಗೆದು ನನ್ನನ್ನು ಕರೆದೊಯ್ದರು, ಒಂದು ದಿನವೂ ತಪ್ಪಿಸಲಿಲ್ಲ. ಅಕ್ಟೋಬರ್ 24ರ ಕೊನೆಯ ಡೋಸಿನ ದಿನ ಬೆಂಚಿನ ಮೇಲೆ ಪಕ್ಕದಲ್ಲಿ ಕೂತು, ಅಂಗಿ ಸ್ವಲ್ಪ ಎತ್ತಿ ಹೊಕ್ಕಳು ತೋರಿಸಿದರು. "ನಮ್ಮ ಕಾಲಕ್ಕ ಇಲ್ಲಿ ಹೊಡೀತಿದ್ರು. ಹದಿನಾಲ್ಕು." ಎಂಟನೇ ವಯಸ್ಸಿನಲ್ಲಿ, ಗಡಿಯಾಚೆ ಸೋದರಮಾವನ ಊರಲ್ಲಿ, ಒಂದು ವಾಡೆಗೆ ಮಜ್ಜಿಗೆ ಕೇಳಲು ಹೋಗಿದ್ದರಂತೆ. ಅಂಗಳದಲ್ಲಿ ಅವರೆತ್ತರದ ಬೇಟೆನಾಯಿ. ಮೆಟ್ಟಿಲ ಮೇಲೆ ಧಣಿ.

"ಧಣಿ ಏನಂದ ಕಾಕಾ?" ಅಂದೆ.

ಕಾಕಾ ಬಹಳ ಹೊತ್ತು ನೆಲ ನೋಡಿದರು. "ಬಾ, ಯಾನೂ ಮಾಡಲ್ಲ ಅಂದ" ಅಂದರು. ಮತ್ತೆ, "ಕಾರವಾನ್ ನಾಯಿ ಅದು" ಎಂದು ಸೇರಿಸಿದರು.

ಮರುವಾರ ಇಬ್ಬರೂ ಪಿಂಕಿಯನ್ನು ಚೀಲದಲ್ಲಿ ಹಾಕಿಕೊಂಡು ಬೀದರದ ಪಶುವೈದ್ಯಕೀಯ ಕಾಲೇಜಿಗೆ ಹೋದೆವು. ಸಾಲಿನಲ್ಲಿ ನಮ್ಮ ಮುಂದೆ ಹತ್ತು ಹನ್ನೆರಡು ವರ್ಷದ ಹುಡುಗಿ, ಅವಳ ಕಾಲಿಗೆ ಒತ್ತಿಕೊಂಡು ಒಂದು ಕರಿ ಡಾಬರ್‌ಮನ್. ಕೊರಳಲ್ಲಿ ಪಟ್ಟಿ, ಪಟ್ಟಿಗೆ ಹಗ್ಗ, ಹಗ್ಗದ ತುದಿ ಹುಡುಗಿಯ ಮುಂಗೈಗೆ ಎರಡು ಸುತ್ತು. ಕಾಕಾ ಮೂರು ಮೊಳ ದೂರ ಸರಿದು ನಿಂತರು. ನಾಯಿ ಅವರನ್ನು ನೋಡಿ ಆಕಳಿಸಿತು. ಚೀಲದೊಳಗಿನ ಪಿಂಕಿ ಮಾತ್ರ ಆಸ್ಪತ್ರೆ ಹಾರಿಹೋಗುವಂತೆ ಬೊಗಳುತ್ತಿತ್ತು.

ಸರದಿ ಬಂತು. ಡಾಕ್ಟರು ಕೈ ಚಾಚಿದರು. ಕಾಕಾರ ಬಾಯಿಂದ ಮಾತು ಜಾರಿಯೇ ಬಿಟ್ಟಿತು. "ಯಾನೂ ಮಾಡಲ್ರಿ ಸಾಹೇಬ್ರೆ." ಡಾಕ್ಟರು ತಲೆ ಎತ್ತದೆ ಬ್ಯಾಂಡೇಜು ಬಟ್ಟೆ ತೆಗೆದು ಪಿಂಕಿಯ ಮೂತಿಗೆ ಎರಡು ಸುತ್ತು ಬಿಗಿದು, ಆಮೇಲೆ ಸೂಜಿ ತೆಗೆದರು.

ಪಿಂಕಿಗೆ ಈಗ ಕಾರ್ಡಿದೆ. ವರ್ಷಕ್ಕೊಮ್ಮೆ ಲಸಿಕೆ ಹಾಕಿಸಬೇಕು ಎಂದು ಅದರಲ್ಲಿ ಬರೆದಿದೆ. ಕೊರಳಿಗೆ ಕೆಂಪು ಪಟ್ಟಿಯೂ ಬಂದಿದೆ. ಗೇಟಿನ ಚಿಲಕ ಇನ್ನೂ ಬಂದಿಲ್ಲ. ಜನವಾಡಕ್ಕೆ ಬಂದರೆ, ಕಿರಾಣಿ ಅಂಗಡಿಯ ಹಿಂದಿನ ಆ ಹಸಿರು ಗೇಟಿನ ಮುಂದೆ ರಸ್ತೆಯಲ್ಲೇ ನಿಂತು ಕೂಗಿ. ಒಳಗಿನಿಂದ ಏನು ಉತ್ತರ ಬರುತ್ತದೆ ಎಂಬುದು ನಿಮಗೀಗ ಗೊತ್ತು.