ಮುಹೂರ್ತ ಇಟ್ಟವರು

ಹವಾಮಾನ ವಿಜ್ಞಾನಿಗಳು ವಿಶ್ವಸಂಸ್ಥೆಯ ಹವಾಮಾನ ಸಮಾವೇಶಗಳಿಗೆ ಹೋಗಿಬಂದು ಬರೆದ ಅನುಭವಗಳನ್ನು ಹುಡುಕಿ ಓದುವುದು ನನಗೆ ಹತ್ತಿದ ಒಂದು ಚಟ. ಸಂಶೋಧನಾ ಲೇಖನದಲ್ಲಾದರೆ ಒಂದು ವಾಕ್ಯಕ್ಕೆ ನಾಲ್ಕು ಆಧಾರ ಕೊಡುವ ಜನ ಇವರು. ಸಮಾವೇಶದಿಂದ ಬಂದಮೇಲೆ ಮಾತ್ರ ಕಾಫಿಗೆ ನಿಂತ ಸಾಲು, ದುಬಾರಿ ಊಟ, ಎಷ್ಟು ತಿರುಗಿದರೂ ಸಿಗದ ಸಭಾಕೋಣೆ, ನಿದ್ದೆಗೆಟ್ಟ ಕಣ್ಣು ಇವನ್ನೇ ಬರೆಯುತ್ತಾರೆ. ಇಂಗಾಲದ ವಿಷಯ ಬರುವುದು ಮೂರನೇ ಪುಟದಲ್ಲಿ. ನನಗೆ ರುಚಿಸುವುದು ಮೊದಲ ಎರಡು ಪುಟ.

2022ರಲ್ಲಿ ಈಜಿಪ್ಟಿನ ಶರ್ಮ್ ಎಲ್ ಶೇಖ್‌ನಲ್ಲಿ ಹೊರಗೆ ಮರುಭೂಮಿಯ ಬಿಸಿಲು. ಒಳಗೆ ಏರ್‌ಕಂಡಿಷನ್ ಎಷ್ಟು ಜೋರಾಗಿತ್ತೆಂದರೆ ಜನ ಕೋಟು, ಶಾಲು ಹೊದ್ದು ಕೂತಿದ್ದರು. ಭೂಮಿ ಕಾಯುತ್ತಿದೆ ಎಂದು ಹೇಳಲು ಬಂದವರ ಹಲ್ಲು ಕಟಕಟ ಎನ್ನುತ್ತಿದ್ದರೆ ವಾದಕ್ಕೆ ಬಲ ಬರುವುದಾದರೂ ಹೇಗೆ?

ಒಳಗಾದರೂ ಸೇರಿದ್ದರಲ್ಲ, ಅದೇ ಪುಣ್ಯ. 2009ರ ಡಿಸೆಂಬರಿನಲ್ಲಿ ಕೋಪನ್‌ಹೇಗನ್ನಿನ ಬೆಲ್ಲಾ ಸೆಂಟರಿನಲ್ಲಿ ಹಿಡಿಸುವುದು 15,000 ಜನ. ಹೆಸರು ನೋಂದಾಯಿಸಿದವರು 40,000ಕ್ಕೂ ಹೆಚ್ಚು. ಕೊರೆಯುವ ಚಳಿಯಲ್ಲಿ ಗಂಟೆಗಟ್ಟಲೆ ನಿಂತು, ಬಾಗಿಲ ಹತ್ತಿರವೂ ಸುಳಿಯಲಾಗದೆ ಹೋಟೆಲಿಗೆ ಮರಳಿದವರು ಎಷ್ಟೋ ಮಂದಿ. ಅದೇ ಸಮಾವೇಶದ ಕೊನೆಯ ದಿನ ಭಾರತ, ಚೀನಾ, ಬ್ರೆಜಿಲ್, ದಕ್ಷಿಣ ಆಫ್ರಿಕಾದ ನಾಯಕರು ಮಾತಾಡುತ್ತಿದ್ದ ಕೋಣೆಗೆ ಒಬಾಮ ಕರೆಯದೆಯೇ ಬಂದು ಕೂತರು. ಮನಮೋಹನ ಸಿಂಗರ ತಂಡದಲ್ಲಿ ಆಗ ಪರಿಸರ ಸಚಿವರಾಗಿದ್ದ ಜೈರಾಮ್ ರಮೇಶ್ ಇದ್ದರು. ಅವರು ಹುಟ್ಟಿದ್ದು ನಮ್ಮ ಚಿಕ್ಕಮಗಳೂರಿನಲ್ಲಿ. ಕೊರಳಲ್ಲಿ ಬ್ಯಾಡ್ಜ್ ತೂಗಿಕೊಂಡವರು ಹೊರಗೆ, ಕರೆಯೋಲೆ ಇಲ್ಲದವರು ಒಳಗೆ.

ಒಳಗೆ ಹೋದ ವಿಜ್ಞಾನಿಯ ಪಾಡಾದರೂ ಏನು? ಸರ್ಕಾರದ ನಿಯೋಗದಲ್ಲಿ ಇಲ್ಲದಿದ್ದರೆ ಅವರು ಬರೀ ವೀಕ್ಷಕರು. ಹಿಂದಿನ ಸಾಲಿನಲ್ಲಿ ಕೂರಬೇಕು, ಬಾಯಿ ತೆರೆಯುವಂತಿಲ್ಲ. ಎಲ್ಲ ಮುಗಿದ ಮೇಲೆ ಸಮಯ ಉಳಿದಿದ್ದರೆ ಅವರ ಗುಂಪಿನ ಪರವಾಗಿ ಒಬ್ಬರಿಗೆ ಒಂದೆರಡು ನಿಮಿಷ. ಸಮಯ ಉಳಿಯುವುದು ಅಪರೂಪ. ಯಾಕೆಂದರೆ ಈ ಸಮಾವೇಶಗಳಿಗೆ ಮತ ಹಾಕುವ ನಿಯಮವೇ ಇಲ್ಲ. 1995ರ ಮೊದಲ ಬರ್ಲಿನ್ ಸಭೆಯಿಂದ ಇವತ್ತಿನವರೆಗೆ ಆ ಒಂದು ನಿಯಮಕ್ಕೆ ಒಮ್ಮತ ಬಂದಿಲ್ಲ. ಹಾಗಾಗಿ ಪ್ರತಿಯೊಂದಕ್ಕೂ ಎಲ್ಲರೂ ಹೂಂ ಎನ್ನಬೇಕು. ಯಾರಾದರೂ ಉಹೂಂ ಎಂದ ಮಾತನ್ನು ಕರಡಿನಲ್ಲಿ ಚೌಕ ಆವರಣದೊಳಗೆ ಕೂಡಿಹಾಕುತ್ತಾರೆ. ಆವರಣದೊಳಗೊಂದು ಆವರಣ, ಅದರೊಳಗೆ ಇನ್ನೊಂದು. ಗಣಿತ ಬಲ್ಲವರು ಮೊದಲ ನೋಟಕ್ಕೆ ಇದು ಬಿಡಿಸಬಹುದಾದ ಲೆಕ್ಕ ಎಂದುಕೊಂಡರೆ ಅವರ ತಪ್ಪಲ್ಲ. 2019ರಲ್ಲಿ ಮ್ಯಾಡ್ರಿಡ್‌ನಲ್ಲಿ ಶುಕ್ರವಾರ ಮುಗಿಯಬೇಕಾದ ಸಭೆ ಮುಗಿದದ್ದು ಭಾನುವಾರ. ಆ ಹೊತ್ತಿಗೆ ಟಿಕೆಟ್ ಬದಲಿಸಲು ದುಡ್ಡಿಲ್ಲದ ಬಡದೇಶಗಳವರು ವಿಮಾನ ಹತ್ತಿಯಾಗಿತ್ತು.

ನಮ್ಮ ಮದುವೆಗಳಲ್ಲಿ ಮುಹೂರ್ತ ಇಟ್ಟುಕೊಟ್ಟ ಜೋಯಿಸರಿಗೂ ಈ ವಿಜ್ಞಾನಿಗಳದ್ದೇ ಗತಿ. ದಿನ ಗೊತ್ತಾಗುವವರೆಗೆ ಅವರ ಜಗಲಿ ಖಾಲಿ ಇರುವುದಿಲ್ಲ. ಮದುವೆಯ ದಿನ ಅವರು ಕಂಬಕ್ಕೆ ಒರಗಿ ನಿಂತಿರುತ್ತಾರೆ. ಊಟವಾಯಿತೇ ಎಂದು ಕೇಳುವವರಿಲ್ಲ. 2018ರಲ್ಲಿ ಪೋಲೆಂಡಿನ ಕಟೊವೀಟ್ಸೆಯಲ್ಲಿ ನಡೆದದ್ದು ಅಕ್ಷರಶಃ ಇದು. ಅದು ಕಲ್ಲಿದ್ದಲಿನ ಊರು. ಆತಿಥೇಯರ ಮಳಿಗೆಯಲ್ಲಿ ಕಲ್ಲಿದ್ದಲಿನ ಸಾಬೂನು, ಕಲ್ಲಿದ್ದಲಿನ ಆಭರಣ ಇಟ್ಟಿದ್ದರು. (ಇದ್ದಿಲಲ್ಲಿ ಹಲ್ಲುಜ್ಜಿ ಬೆಳೆದ ನಾವು ಸಾಬೂನಿಗೆ ನಗುವಂತಿಲ್ಲ.) ತಾಪ 1.5 ಡಿಗ್ರಿ ಏರಿದರೆ ಏನಾಗುತ್ತದೆ, ಹೇಳಿ ಎಂದು 2015ರಲ್ಲಿ ಪ್ಯಾರಿಸ್‌ನಲ್ಲಿ ವಿಜ್ಞಾನಿಗಳನ್ನು ಕೇಳಿದ್ದು ಈ ಸಮಾವೇಶದ ದೇಶಗಳೇ. 40 ದೇಶಗಳ 91 ಲೇಖಕರು ಕೂತು, 6,000ಕ್ಕೂ ಮಿಕ್ಕಿದ ಆಧಾರಗಳನ್ನು ಜಾಲಾಡಿ, 2018ರ ಅಕ್ಟೋಬರಿನಲ್ಲಿ ಉತ್ತರ ಕೊಟ್ಟರು. ಸಂಬಳವಿಲ್ಲದ ಕೆಲಸ ಅದು. ಡಿಸೆಂಬರಿನಲ್ಲಿ ಸಭೆ ಆ ವರದಿಯನ್ನು ಸ್ವಾಗತಿಸಬೇಕು ಎಂದಾಗ ಅಮೆರಿಕ, ಸೌದಿ ಅರೇಬಿಯಾ, ರಷ್ಯಾ, ಕುವೈತ್ ಅಡ್ಡಬಂದವು. ಬಂದದ್ದನ್ನು ಗಮನಿಸಿದ್ದೇವೆ ಎಂದರೆ ಸಾಕಂತೆ. ಹಗ್ಗಜಗ್ಗಾಟದ ಕೊನೆಗೆ ನಿರ್ಣಯದಲ್ಲಿ ಉಳಿದದ್ದು: ವರದಿ ಸಕಾಲದಲ್ಲಿ ಮುಗಿದದ್ದನ್ನು ಸಭೆ ಸ್ವಾಗತಿಸುತ್ತದೆ. ಅಂದರೆ, ಜೋಯಿಸರು ಏನು ಹೇಳಿದರೋ ಬಿಡಿ, ಹೊತ್ತಿಗೆ ಸರಿಯಾಗಿ ಬಂದರಲ್ಲ, ಸಂತೋಷ.

ಇಂಥದ್ದನ್ನೆಲ್ಲ ಕಂಡು ರೋಸಿಹೋದವರಿದ್ದಾರೆ. 1988ರಲ್ಲೇ ಅಮೆರಿಕದ ಸೆನೆಟ್ ಮುಂದೆ ಭೂಮಿ ಕಾಯುತ್ತಿದೆ ಎಂದು ಸಾಕ್ಷಿ ಹೇಳಿದ ಜೇಮ್ಸ್ ಹ್ಯಾನ್ಸನ್, ಪ್ಯಾರಿಸ್ ಒಪ್ಪಂದವನ್ನು ಮೋಸ ಎಂದೇ ಕರೆದರು. ಇನ್ನೊಂದು ಬಗೆಯವರು ಬಾಂಗ್ಲಾದೇಶದ ಸಲೀಮುಲ್ ಹಕ್. ಓದಿದ್ದು ಸಸ್ಯಶಾಸ್ತ್ರ. ಬರ್ಲಿನ್ನಿನಿಂದ ಹಿಡಿದು ಶರ್ಮ್ ಎಲ್ ಶೇಖ್‌ವರೆಗೆ ಒಂದು ಸಮಾವೇಶವನ್ನೂ ತಪ್ಪಿಸಲಿಲ್ಲ. ಬಿರುಗಾಳಿಗೂ ಏರುವ ಕಡಲಿಗೂ ಸಿಕ್ಕಿ ಕಳೆದುಕೊಂಡವರಿಗೆ ಪರಿಹಾರ ಕೊಡಿ ಎಂಬ ಒಂದೇ ಮಾತನ್ನು ವರ್ಷ ವರ್ಷವೂ ಆಡಿದರು. ಶ್ರೀಮಂತ ದೇಶಗಳು ಕಿವಿಗೆ ಹಾಕಿಕೊಳ್ಳಲಿಲ್ಲ. ಇವರು ಬರುವುದನ್ನು ಬಿಡಲಿಲ್ಲ. ಅಂತೂ 2022ರಲ್ಲಿ ಅದಕ್ಕೊಂದು ನಿಧಿ ಬೇಕೆಂದು ಎಲ್ಲರೂ ಒಪ್ಪಿದರು. 2023ರ ನವೆಂಬರ್ 30ರಂದು, ದುಬೈ ಸಮಾವೇಶದ ಮೊದಲ ದಿನವೇ, ನಿಧಿ ಜಾರಿಗೆ ಬಂತು. ಹಕ್ ತೀರಿಕೊಂಡು ಆಗ ಒಂದು ತಿಂಗಳಾಗಿತ್ತು. ನಿಧಿಗೆ ಬಿದ್ದ ಹಣ ಬೇಕಾದದ್ದರ ಮುಂದೆ ಪುಡಿಗಾಸು, ನಿಜ. ಆದರೂ ಶೂನ್ಯದಿಂದ ಪುಡಿಗಾಸಿಗೆ ಬರಲು ಒಬ್ಬ ಮನುಷ್ಯ ಅಷ್ಟು ವರ್ಷ ಕಾರಿಡಾರುಗಳಲ್ಲಿ ನಿಂತಿರಬೇಕಾಯಿತು.

ಹ್ಯಾನ್ಸನ್ ಲೆಕ್ಕ ತಪ್ಪಲ್ಲ. ಆದರೆ ಮತ ಹಾಕುವ ನಿಯಮ ನನಗಿದ್ದರೆ ನನ್ನ ಓಟು ಹಕ್ ಅವರಿಗೆ.

2026ರ ಸಮಾವೇಶ ಟರ್ಕಿಯ ಅಂಟಾಲ್ಯದಲ್ಲಿ. ಬೆಂಗಳೂರಿನಿಂದಲೂ ಕೆಲವು ವಿಜ್ಞಾನಿಗಳು ಹೋಗಿಯೇ ಹೋಗುತ್ತಾರೆ. ಅವರಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ಕೋರಿಕೆ: ಬಂದಮೇಲೆ ಕನ್ನಡದಲ್ಲೂ ನಾಲ್ಕು ಪುಟ ಬರೆಯಿರಿ. ಮೊದಲ ಎರಡು ಪುಟ ಕಾಫಿಯ ಸಾಲಿನ ಬಗ್ಗೆಯೇ ಇರಲಿ.