ಎಂಎಸ್‌ಟಿ12 ಸಾಹೇಬರ ದಿವ್ಯ ಸನ್ನಿಧಿಗೆ

ಭತ್ತದ ಬೆಂಕಿ ರೋಗದ ಶಿಲೀಂಧ್ರದೊಳಗೆ ಜೀನುಗಳ ಮೇಲುಸ್ತುವಾರಿ ವಹಿಸಿರುವ ಮಹಾಸ್ವಾಮಿಗಳಿಗೆ, ಕೊಡಗಿನ ಗದ್ದೆಯವನೊಬ್ಬನ ಸಾಷ್ಟಾಂಗ ನಮಸ್ಕಾರ.

ತಾವು ಬರೀ ಒಂದು ಪ್ರೋಟೀನು ಎನ್ನುವವರಿದ್ದಾರೆ. ಅವರನ್ನು ಕ್ಷಮಿಸಿಬಿಡಿ. ಡಿಎನ್‌ಎ ಮೇಲೆ ಕುಳಿತು ಯಾವ ಜೀನು ಏಳಬೇಕು, ಯಾವುದು ಮಲಗಿರಬೇಕು ಎಂದು ಅಪ್ಪಣೆ ಕೊಡಿಸುವವರು ತಾವು. ತಮಗೂ ಮೇಲೆ ಪಿಎಂಕೆ1 ಎಂಬ ಕೈನೇಸ್ ಸಾಹೇಬರಿದ್ದಾರಂತೆ. ಅಲ್ಲಿಂದ ಕಡತ ಬರಬೇಕು, ಇಲ್ಲಿ ತಮ್ಮ ಸಹಿ ಬೀಳಬೇಕು. ಸರ್ಕಾರಿ ಕಚೇರಿಗೂ ತಮಗೂ ಒಂದೇ ವ್ಯತ್ಯಾಸ: ತಮ್ಮಲ್ಲಿ ಕೆಲಸ ರಾತ್ರೋರಾತ್ರಿ ಆಗುತ್ತದೆ.

ಆ ಕೆಲಸದ ಅಚ್ಚುಕಟ್ಟನ್ನು ಎಷ್ಟು ಹೊಗಳಲಿ! ಇಬ್ಬನಿ ಬಿದ್ದ ಎಲೆಗೆ ಬೀಜಕ ಬಂದು ಅಂಟುತ್ತದೆ, ಮೊಳಕೆ ಬಿಡುತ್ತದೆ, ಮೊಳಕೆಯ ತುದಿ ಉಬ್ಬಿ ಪುಟ್ಟ ಗುಮ್ಮಟವಾಗುತ್ತದೆ. ಗೋಡೆಗೆ ಮೆಲನಿನ್ನಿನ ಕಪ್ಪು ಲೇಪ. ಒಳಗೆ ಗ್ಲಿಸರಾಲ್ ತುಂಬಿ ನೀರೆಳೆದು ಒತ್ತಡ ಏರುತ್ತದೆ, ಸುಮಾರು 80 ವಾತಾವರಣದವರೆಗೆ. ನಮ್ಮ ಟ್ರ್ಯಾಕ್ಟರಿನ ಟೈರಿಗೆ ಅಷ್ಟು ಗಾಳಿ ಹಾಕಲು ಹೋದರೆ ಪಂಕ್ಚರ್ ಅಂಗಡಿಯವನೂ ಉಳಿಯುವುದಿಲ್ಲ. ತಮ್ಮ ಗುಮ್ಮಟ ಮಾತ್ರ ಸಿಡಿಯದು. ತಮ್ಮ ಅಪ್ಪಣೆ ಸಿಕ್ಕೊಡನೆ ಬುಡದಿಂದ ಮೊಳೆ ಇಳಿಸಿ ಎಲೆಯನ್ನು ತೂರುತ್ತದೆ.

ಯೂರಿಯಾ ಕೈಬಿಚ್ಚಿ ಸುರಿದವರ ಗದ್ದೆಗೆ ಮೊದಲು ದಯಮಾಡಿಸುವ ತಮ್ಮ ಸೌಜನ್ಯವನ್ನೂ ಮರೆತಿಲ್ಲ. ನಮ್ಮ ಪೊನ್ನಂಪೇಟೆಯ ಮಂಜಂತೂ ತಮಗೆ ಬಹಳ ಹಿಡಿಸಿದೆ. ಯಾವ ತಳಿ ಈ ರೋಗವನ್ನು ತಾಳೀತು ಎಂದು ಪರೀಕ್ಷಿಸಲು ವಿಜ್ಞಾನಿಗಳು ಅಲ್ಲಿಗೇ ಬರುತ್ತಾರೆ. ಇನ್ನು ಕುತ್ತಿಗೆ ಬೆಂಕಿಯ ಉಪಕಾರ. ತೆನೆಯ ಬುಡ ಕಪ್ಪಾಗಿ ಮುರಿದು, ಕಾಳೆಲ್ಲ ಜೊಳ್ಳು. ಹೊರುವ ಕೂಲಿ ಉಳಿಯಿತು, ಧನ್ಯವಾದ.

ಆದರೂ ಒಂದು ಮಾತು ಕೇಳಬೇಕು, ತಪ್ಪು ತಿಳಿಯಬಾರದು. 2002ರಲ್ಲಿ ವಿಜ್ಞಾನಿಗಳು ತಮ್ಮ ಜೀನನ್ನೇ ಕಿತ್ತು ನೋಡಿದರಲ್ಲ? ಶಿಲೀಂಧ್ರ ತಟ್ಟೆಯಲ್ಲಿ ಹಾಯಾಗಿ ಬೆಳೆಯಿತು, ಬೀಜಕ ಬಿಟ್ಟಿತು, ಗುಮ್ಮಟವನ್ನೂ ಕಟ್ಟಿತು. ಎಲೆಯನ್ನು ತೂರಲು ಮಾತ್ರ ಆಗಲಿಲ್ಲ. ಅಂದರೆ ಅದರ ಹೊಟ್ಟೆಪಾಡಿಗೆ ತಾವು ಬೇಕಿಲ್ಲ, ನಮ್ಮ ಹೊಟ್ಟೆಯ ಮೇಲೆ ಹೊಡೆಯುವುದಕ್ಕಷ್ಟೇ ಬೇಕು! ಪಿಎಂಕೆ1 ಸಾಹೇಬರ ಕಥೆಯೂ ಹೆಚ್ಚುಕಡಿಮೆ ಇದೇ. ಅವರಿಲ್ಲದ ಶಿಲೀಂಧ್ರ ತಟ್ಟೆಯಲ್ಲಿ ಸುಖವಾಗಿರುತ್ತದೆ, ಗುಮ್ಮಟ ಕಟ್ಟುವುದಿಲ್ಲ. ಎಲೆಗೆ ಗಾಯ ಮಾಡಿ ಬಾಗಿಲು ತೆರೆದುಕೊಟ್ಟರೂ ಒಳಗೆ ಹಬ್ಬಲಾರದು.

ಆದಕಾರಣ ತೆನೆ ಹೊರಡುವ ಹೊತ್ತಿಗಾದರೂ ತಾವು ಗಳಿಕೆ ರಜೆಯ ಮೇಲೆ ತೆರಳಬೇಕಾಗಿ ಬೇಡಿಕೊಳ್ಳುತ್ತೇನೆ. ಪ್ರಭಾರ ಯಾರಿಗೂ ವಹಿಸುವುದು ಬೇಡ. ಈ ಅರ್ಜಿಯ ಒಂದು ಪ್ರತಿಯನ್ನು ಪಿಎಂಕೆ1 ಸಾಹೇಬರ ಅವಗಾಹನೆಗೂ ಕಳಿಸಿದೆ.

ಇಂತಿ ತಮ್ಮ ವಿಧೇಯ,
ಬೆಂಕಿ ಬಿದ್ದ ಗದ್ದೆಯವನು